ಜಿಆರ್86, ಎಂಎಕ್ಸ್-5 ಆರ್‌ಎಫ್, ಎಂ240ಐ: ಮೂರನ್ನೂ ಓಡಿಸಿದ ಮೇಲೆ

ನಾನು ಕೊಂಡಿದ್ದು ಟೊಯೊಟಾ ಜಿಆರ್86, ಎರಡು ಬಾಗಿಲಿನ ಸ್ಪೋರ್ಟ್ಸ್ ಕಾರು, ಮ್ಯಾನುಯಲ್ ಗೇರಿನದು. ಕೊಂಡಾಗಿನಿಂದ ಬಹಳ ಖುಷಿಯಲ್ಲಿದ್ದೇನೆ. ಹಾಗಾಗಿ ಈ ಹೋಲಿಕೆ ಯಾವ ಕಡೆ ವಾಲುತ್ತದೆ ಅನ್ನುವುದು ಇಲ್ಲಿಂದಲೇ ಗೊತ್ತಿರಲಿ. ಜೊತೆಗಿಟ್ಟು ನೋಡುತ್ತಿರುವ ಇನ್ನೆರಡು ಗಾಡಿಗಳು ಚಾವಣಿ ಮಡಚುವ, ಎರಡೇ ಸೀಟಿನ ಮಜ್ದಾ ಎಂಎಕ್ಸ್-5 ಆರ್‌ಎಫ್ ಮತ್ತು ಬಿಎಂಡಬ್ಲ್ಯು ಎಂ240ಐ. ಮಜ್ದಾ ನನ್ನ ಗೆಳೆಯನದು. ನನ್ನ ಕಾರು ಬರುವ ಮೊದಲೂ, ಬಂದ ಮೇಲೂ ಅದನ್ನು ಬೇಕಾದಷ್ಟು ಓಡಿಸಿದ್ದೇನೆ. ಎಂ240ಐ ಬಾಡಿಗೆಗೆ ತಗೊಂಡಿದ್ದು, ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಎಕ್ಸ್‌ಡ್ರೈವ್ ಮಾದರಿ. ಅದನ್ನು ಆಫೀಸಿಗೂ ಒಯ್ದೆ, ಹೆದ್ದಾರಿಗೂ ಒಯ್ದೆ, ಜೋರು ಮಳೆಯಲ್ಲೂ ಓಡಿಸಿದೆ.

ಹಾರ್ಸ್‌ಪವರ್, ಉದ್ದಗಲ, ಬಣ್ಣಗಳ ಪಟ್ಟಿ ಎಲ್ಲ ಕಡೆ ಸಿಗುತ್ತದೆ, ಅದನ್ನೇ ಇಲ್ಲಿ ಮತ್ತೆ ಬರೆಯುವುದಿಲ್ಲ. ಒಂದು ಲೆಕ್ಕ ಮಾತ್ರ ಹೇಳುತ್ತೇನೆ. ನಿಂತಲ್ಲಿಂದ ಗಂಟೆಗೆ 100 ಕಿ.ಮೀ. ಮುಟ್ಟಲು ಎಂ240ಐಗೆ 4.3 ಸೆಕೆಂಡ್ ಸಾಕು. ಮ್ಯಾನುಯಲ್ ಜಿಆರ್86ಗೆ 6.3 ಬೇಕು, ಆರ್‌ಎಫ್‌ಗೆ 6.8. ಇದನ್ನು ನೋಡಿಯೇ ಆರಿಸುವುದಾದರೆ ಮಾತು ಇಲ್ಲಿಗೇ ಮುಗಿಯಿತು, ಬಿಎಂಡಬ್ಲ್ಯು ಗೆದ್ದಾಯ್ತು.

ಆದರೆ ನಾವು ದಿನಾ ಓಡಿಸುವುದು ಯಾವ ವೇಗದಲ್ಲಿ? ಊರೊಳಗೆ 40, 50. ಊರಾಚೆ 80, 90. ಆ ವೇಗದಲ್ಲಿ ಎಂ240ಐನ ಎಂಜಿನ್ ಅರೆನಿದ್ರೆಯಲ್ಲಿರುತ್ತದೆ. 500 ನ್ಯೂಟನ್ ಮೀಟರ್ ಟಾರ್ಕ್ (ಎಂಜಿನ್ ತಿರುಚುವ ಬಲ) ಎಂಜಿನ್ ನಿಮಿಷಕ್ಕೆ 1,900 ಸುತ್ತು ತಿರುಗುವಾಗ, ಅಂದರೆ 1,900 ಆರ್‌ಪಿಎಂನಲ್ಲೇ ಸಿಕ್ಕಿಬಿಡುತ್ತದೆ. ಸುಮ್ನೆ ಕಾಲು ತಾಗಿಸಿದರೆ ಸಾಕು, ಮುಂದಿನ ಗಾಡಿಯನ್ನು ದಾಟಿಯೂ ಆಗಿರುತ್ತದೆ. ಏನು ಮಾಡಿದೆ ಅಂತ ಅನ್ನಿಸುವುದೇ ಇಲ್ಲ. ಅದರ ನಿಜವಾದ ಗುಣ ನೋಡಬೇಕಾದರೆ ಲೈಸೆನ್ಸ್ ಕಳೆದುಕೊಳ್ಳುವ ವೇಗಕ್ಕೆ ಹೋಗಬೇಕು. ಜಿಆರ್86ನಲ್ಲಿ ಎರಡನೇ ಗೇರನ್ನು 7,000 ಆರ್‌ಪಿಎಂ ದಾಟುವವರೆಗೆ ಎಳೆದರೂ 100ರ ಆಸುಪಾಸಿನಲ್ಲೇ ಇರುತ್ತೀರಿ. ಎಂಜಿನ್ ಪೂರ್ತಿ ಕೂಗಿದೆ, ಕೈಗೆ ಕಾಲಿಗೆ ಕೆಲಸ ಸಿಕ್ಕಿದೆ, ಕಾನೂನೂ ಮುರಿದಿಲ್ಲ. ನಾನು ಈ ಕಾರು ಕೊಂಡಿದ್ದೇ ಇದಕ್ಕೆ. ಸಾಮಾನ್ಯ ರಸ್ತೆಯಲ್ಲಿ, ಸಾಮಾನ್ಯ ವೇಗದಲ್ಲಿ ಕಾರು ನನ್ನ ಜೊತೆ ಮಾತಾಡಬೇಕು. ಮೂರನ್ನೂ ನಾನು ಅಳೆದಿದ್ದು ಈ ಒಂದೇ ಅಳತೆಯಲ್ಲಿ.

ಇದರ ಹಿಂದಿರುವ ಕಾರಣ ತೂಕ. ಎಂ240ಐ 1,690 ಕೆ.ಜಿ. ಜಿಆರ್86 ಅದಕ್ಕಿಂತ ಸುಮಾರು 400 ಕೆ.ಜಿ. ಹಗುರ. ಅಂದರೆ ಬಿಎಂಡಬ್ಲ್ಯು ಖಾಲಿ ಹೋಗುವಾಗಲೂ ಐದಾರು ಜನರನ್ನು ಜಾಸ್ತಿ ಹೊತ್ತ ಹಾಗೆ. ಆ ತೂಕವನ್ನು ಅದರ ಎಂಜಿನ್ ಮುಚ್ಚಿಬಿಡುತ್ತದೆ, ನಿಜ. ಆದರೆ ಬ್ರೇಕ್ ಹಿಡಿದಾಗ, ಒಂದು ತಿರುವಿನಿಂದ ತಕ್ಷಣ ಎದುರು ದಿಕ್ಕಿನ ತಿರುವಿಗೆ ಹೊರಳಿದಾಗ ಮುಚ್ಚಿಡಲು ಆಗುವುದಿಲ್ಲ. ಜಿಆರ್86ನಲ್ಲಿ ಬಾನೆಟ್, ಮುಂದಿನ ಫೆಂಡರ್, ಚಾವಣಿ ಎಲ್ಲ ಅಲ್ಯೂಮಿನಿಯಂ. ಈ ಕಾರನ್ನು ಟೊಯೊಟಾ ಜೊತೆ ಸೇರಿ ಮಾಡಿದ ಸುಬಾರು ಕಂಪನಿ ಕೊಟ್ಟಿರುವ ಎಂಜಿನ್ನಿನ ಸಿಲಿಂಡರುಗಳು ನೆಟ್ಟಗೆ ನಿಂತಿಲ್ಲ, ಎರಡು ಪಕ್ಕಕ್ಕೆ ಮಲಗಿವೆ. ಹಾಗಾಗಿ ಭಾರವೆಲ್ಲ ಕೆಳಗೆ ಕೂತಿದೆ. ಸ್ಟೀರಿಂಗ್ ತಿರುಗಿಸಿದ ಕ್ಷಣಕ್ಕೆ ಮೂಗು ತಿರುಗಿರುತ್ತದೆ. ಅದನ್ನು ಕೈಯಲ್ಲೇ ಹಿಡಿದು ನೋಡಬೇಕು, ಬರೆದು ತಿಳಿಸುವುದು ಕಷ್ಟ.

ಆರ್‌ಎಫ್ ಇದಕ್ಕಿಂತಲೂ ಹಗುರ, ನೂರು ಕೆ.ಜಿ.ಗೂ ಜಾಸ್ತಿ ಕಡಿಮೆ. ತೂಕ ಒಂದನ್ನೇ ನೋಡಿದರೆ ಅದೇ ಮೊದಲ ಸ್ಥಾನಕ್ಕೆ ಬರಬೇಕಿತ್ತು. ಅದು ಯಾಕೆ ಬರಲಿಲ್ಲ ಅನ್ನುವುದನ್ನು ಮುಂದೆ ಹೇಳುತ್ತೇನೆ.

ಈ ಕಾರಿನ ಮೊದಲ ಪೀಳಿಗೆಯಾದ ಹಳೆಯ 86 ಓಡಿಸಿದವರಿಗೆ ಅದರ ಎಂಜಿನ್ ಬಗ್ಗೆ ಒಂದು ದೂರು ಇತ್ತು. 4,000 ಆರ್‌ಪಿಎಂ ಹತ್ತಿರ ಎಳೆತ ಸ್ವಲ್ಪ ಕುಸಿಯುತ್ತಿತ್ತು. ಗಾಡಿ ದಾಟುವಾಗ ಬೇಕಾದ ಜಾಗವೇ ಅದು. 2021ರಲ್ಲಿ ಬಂದ ಈ ಎರಡನೇ ಪೀಳಿಗೆಯಲ್ಲಿ ಸಿಲಿಂಡರಿನ ಅಗಲವನ್ನು 86 ಮಿ.ಮೀ.ನಿಂದ 94ಕ್ಕೆ ಏರಿಸಿದ್ದಾರೆ, ಪಿಸ್ಟನ್ ಓಡುವ ದೂರ 86 ಹಾಗೇ ಇದೆ. 2 ಲೀಟರ್ ಎಂಜಿನ್ 2.4 ಲೀಟರ್ ಆಗಿದ್ದು ಹೀಗೆ. ಹಿಂದೆ 205 ನ್ಯೂಟನ್ ಮೀಟರ್ ಸಿಗಲು 6,400 ಆರ್‌ಪಿಎಂ ದಾಟಬೇಕಿತ್ತು. ಈಗ 250 ನ್ಯೂಟನ್ ಮೀಟರ್ 3,700ರಲ್ಲೇ ಬರುತ್ತದೆ. ಟರ್ಬೊ ಇಲ್ಲದೆಯೇ ಇದು ಸಾಧ್ಯವಾಗಿದೆ ಅನ್ನುವುದು ನನಗೆ ದೊಡ್ಡ ವಿಷಯ. ಆಕ್ಸಲರೇಟರ್ ಮೇಲೆ ಕಾಲು ಎಷ್ಟು ಒತ್ತಿದೆಯೋ ಅಷ್ಟೇ, ಆ ಕ್ಷಣಕ್ಕೇ ಉತ್ತರ ಬರುತ್ತದೆ. ಏರು ರಸ್ತೆಯಲ್ಲಿ ಪ್ರತಿ ಸಲ ಗೇರ್ ಇಳಿಸಬೇಕಾಗಿಲ್ಲ.

ಶಬ್ದದ ವಿಷಯದಲ್ಲಿ ಬಿಎಂಡಬ್ಲ್ಯು ಮುಂದೆ. ಸಾಲಾಗಿ ನಿಂತ ಆರು ಸಿಲಿಂಡರಿನ ಸ್ವರ ಬೇರೆಯೇ. ಜಿಆರ್86ನಲ್ಲಿ ಎಂಜಿನ್ ಸದ್ದನ್ನು ಸ್ಪೀಕರ್ ಮೂಲಕವೂ ಸೇರಿಸುತ್ತಾರೆ, ಆ ಸದ್ದು ಸ್ವಲ್ಪ ಒರಟು.

ಗೇರ್ ಹಾಕುವ ಸುಖದಲ್ಲಿ ಮಜ್ದಾಗೆ ಪೂರ್ತಿ ಅಂಕ. ಮಣಿಕಟ್ಟು ಅಲ್ಲಾಡಿಸಿದರೆ ಗೇರ್ ಬಿದ್ದಿರುತ್ತದೆ. ಜಿಆರ್86ನದೂ ಚೆನ್ನಾಗಿದೆ, ಆದರೆ ಬೆಳಗ್ಗೆ ಎಣ್ಣೆ ಬಿಸಿಯಾಗುವವರೆಗೆ ಎರಡನೇ ಗೇರಿಗೆ ಹಾಕುವಾಗ ನಿಧಾನ ಮಾಡಬೇಕು. ಎಂ240ಐಗೆ ಮ್ಯಾನುಯಲ್ ಗೇರ್ ಬರುವುದೇ ಇಲ್ಲ, 8 ಗೇರಿನ ಆಟೊಮ್ಯಾಟಿಕ್ ಒಂದೇ. ಆ ಪೆಟ್ಟಿಗೆ ಎಷ್ಟು ಚುರುಕು ಅಂದರೆ ಕೈಯಿಂದ ಗೇರ್ ಬದಲಿಸಲು ಸ್ಟೀರಿಂಗ್ ಹಿಂದೆ ಇರುವ ಪ್ಯಾಡಲ್ ಮುಟ್ಟುವುದನ್ನೇ ನಾನು ಬಿಟ್ಟೆ. ನನ್ನಂಥವರಿಗೆ ಅದೇ ಕೊರತೆ. ಮ್ಯಾನುಯಲ್ ಬೇಕೇ ಬೇಕು ಅನ್ನುವವರು ಬಿಎಂಡಬ್ಲ್ಯುನಲ್ಲಿ ಎಂ2ಗೆ ಹೋಗಬೇಕು, ಅದರ ಬೆಲೆ ನನ್ನ ಕೈಗೆ ಎಟುಕುವುದಲ್ಲ. ಜಿಆರ್86ಗೂ 6 ಗೇರಿನ ಆಟೊಮ್ಯಾಟಿಕ್ ಇದೆ. ಶೋರೂಮಿನಲ್ಲಿ ಅದನ್ನೇ ತಗೊಳ್ಳಿ ಅಂತ ಬಹಳ ಹೇಳಿದರು. ಟ್ರಾಫಿಕ್ಕಿನಲ್ಲೇ ದಿನ ಕಳೆಯುವವರಿಗೆ ಸರಿ, ಈ ಕಾರಿನ ಮಜಾ ಬೇಕೆನ್ನುವವರಿಗೆ ಬೇಡ.

ತಿರುವುಗಳ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಕಾರು ಜೋರಾಗಿ ತಿರುಗುವಾಗ ಒಳಗಡೆಯ ಹಿಂದಿನ ಚಕ್ರದ ಮೇಲಿನ ಭಾರ ಕಡಿಮೆಯಾಗುತ್ತದೆ. ಎರಡು ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಗೇರ್ ಪೆಟ್ಟಿಗೆಗೆ ಡಿಫರೆನ್ಷಿಯಲ್ ಅನ್ನುತ್ತಾರೆ. ಅದು ಸಾಮಾನ್ಯದ್ದಾದರೆ ಶಕ್ತಿಯೆಲ್ಲ ಆ ಹಗುರಾದ ಚಕ್ರಕ್ಕೇ ಹರಿದು ಅದು ಸುಮ್ಮನೆ ತಿರುಗುತ್ತದೆ, ಕಾರು ಮುಂದೆ ಹೋಗುವುದಿಲ್ಲ. ಜಿಆರ್86ನಲ್ಲಿರುವ ಟಾರ್ಸೆನ್ ಡಿಫರೆನ್ಷಿಯಲ್ ಬರೀ ಗೇರುಗಳ ಉಜ್ಜಾಟದಿಂದಲೇ ಆ ಶಕ್ತಿಯನ್ನು ಹಿಡಿತ ಇರುವ ಹೊರ ಚಕ್ರದ ಕಡೆಗೆ ತಳ್ಳುತ್ತದೆ. ತಿರುವಿನ ನಡುವೆಯೇ ಮೆಲ್ಲಗೆ ಆಕ್ಸಲರೇಟರ್ ಒತ್ತಿದರೆ ಹಿಂಬದಿ ಒಂದಿಷ್ಟೇ ಹೊರಗೆ ಸರಿದು ಮೂಗನ್ನು ಒಳಗೆ ತಿರುಗಿಸುತ್ತದೆ. ಸರಿಯುವ ಮೊದಲೇ ಸೀಟಿನ ಮೂಲಕ ಸುದ್ದಿ ಬಂದಿರುತ್ತದೆ. ಭಯ ಆಗುವುದಿಲ್ಲ, ಕಲಿಯಬೇಕು ಅನ್ನಿಸುತ್ತದೆ.

ಇದರ ಅವಳಿ ಸುಬಾರು ಬಿಆರ್‌ಝಡ್ ಬಗ್ಗೆ ಬಹಳ ಜನ ಕೇಳುತ್ತಾರೆ. ಎಂಜಿನ್ ಅದೇ, ಬಾಡಿ ಅದೇ, ಎರಡೂ ತಯಾರಾಗುವುದು ಜಪಾನಿನ ಗುನ್ಮಾದಲ್ಲಿರುವ ಸುಬಾರು ಕಾರ್ಖಾನೆಯಲ್ಲೇ. ಬಿಆರ್‌ಝಡ್‌ನ ಮುಂದಿನ ಸ್ಪ್ರಿಂಗ್ ಸ್ವಲ್ಪ ಗಟ್ಟಿ, ಹಿಂದಿನದು ಮೆತ್ತಗೆ. ಜಿಆರ್86ನಲ್ಲಿ ಇದರ ಉಲ್ಟಾ, ಹಾಗಾಗಿ ಹಿಂಬದಿ ಜಾಸ್ತಿ ಆಡುತ್ತದೆ. ಶಾಂತವಾಗಿರಲಿ ಅನ್ನುವವರು ಬಿಆರ್‌ಝಡ್ ನೋಡಬಹುದು.

ಮಜ್ದಾ ದಾರಿ ಬೇರೆ. ಅದರ ಸಸ್ಪೆನ್ಷನ್ ಮೆತ್ತಗಿದೆ, ತಿರುವಿನಲ್ಲಿ ಮೈ ಚೆನ್ನಾಗಿ ವಾಲುತ್ತದೆ. ಈಚಿನ ಮಾದರಿಗಳಲ್ಲಿ ಒಳಗಡೆಯ ಹಿಂದಿನ ಚಕ್ರಕ್ಕೆ ಗೊತ್ತಾಗದಷ್ಟು ಬ್ರೇಕ್ ಹಾಕಿ ಆ ವಾಲುವಿಕೆ ಕಡಿಮೆ ಮಾಡುವ ಉಪಾಯ ಸೇರಿಸಿದ್ದಾರೆ. ನಿಧಾನ ರಸ್ತೆಯಲ್ಲಿ ಅದರಷ್ಟು ಮುದ್ದಾಗಿ ಓಡುವ ಕಾರು ಕಡಿಮೆ. ಸ್ವಲ್ಪ ಜೋರಾಗಿ ಹೋದಾಗ ಮಾತ್ರ ನನಗೆ ಜಿಆರ್86ನ ಬಿಗಿ ಹೆಚ್ಚು ಇಷ್ಟ. ಇದು ಪೂರ್ತಿ ರುಚಿಯ ಮಾತು.

ಮಳೆಯಲ್ಲಿ ಎಂ240ಐ ಬಿಟ್ಟರೆ ಇನ್ನೊಂದಿಲ್ಲ. ನಾಲ್ಕು ಚಕ್ರಕ್ಕೂ ಶಕ್ತಿ ಹೋಗುವುದರಿಂದ ನೆನೆದ ರಸ್ತೆಯಲ್ಲಿ ಎಷ್ಟು ಒತ್ತಿದರೂ ನೇರ ಹೋಗುತ್ತದೆ. ನನ್ನ ಕಾರಿನಲ್ಲಿ ಮಳೆ ಬಂದರೆ ಬಲಗಾಲು ಹಗುರ ಇರಬೇಕು.

ಈಗ ಅಸಲಿ ತಲೆನೋವಿಗೆ ಬರುತ್ತೇನೆ. ಕೂಪೆ, ಅಂದರೆ ಇಂಥ ಎರಡು ಬಾಗಿಲಿನ ಕಾರು ಕೊಳ್ಳುವ ಮೊದಲು ಯಾರೂ ಇದನ್ನು ನನಗೆ ಹೇಳಿರಲಿಲ್ಲ. ವಿಮರ್ಶೆಗಳಲ್ಲಿ ಓದಿಯೂ ಇರಲಿಲ್ಲ. ಅದು ಬಾಗಿಲು.

ಇದು ಯಾವ ಕಂಪನಿಯ ತಪ್ಪೂ ಅಲ್ಲ, ಎರಡು ಬಾಗಿಲಿನ ಗಾಡಿಯ ಹುಟ್ಟುಗುಣ. ಹಿಂದಿನ ಸೀಟಿಗೂ ಇದೇ ಬಾಗಿಲಿನಿಂದ ಹೋಗಬೇಕಾದ್ದರಿಂದ ಅದು ಉದ್ದ ಇರಲೇಬೇಕು. ರಸ್ತೆಯಲ್ಲಿ ಅದರಿಂದ ಏನೂ ತೊಂದರೆಯಿಲ್ಲ. ತೊಂದರೆ ಶುರುವಾಗುವುದು ಪಾರ್ಕಿಂಗ್ ಜಾಗದಲ್ಲಿ. ಜಾಗ 2.4 ಮೀಟರ್ ಅಗಲ ಇದೆ ಅಂದುಕೊಳ್ಳಿ. ಜಿಆರ್86 ಅಗಲ 1,775 ಮಿ.ಮೀ. ಎರಡೂ ಕಡೆ ಸೇರಿ ಉಳಿಯುವುದು 60 ಸೆಂ.ಮೀ. ಚಿಲ್ಲರೆ. ಪಕ್ಕದವರು ಗೆರೆಗೆ ಅಂಟಿಕೊಂಡು ನಿಲ್ಲಿಸಿದ್ದರೆ ನಿಮ್ಮ ಕಡೆಗೆ ಬರುವುದು ಒಂದು ಗೇಣಿಗಿಂತ ಸ್ವಲ್ಪ ಜಾಸ್ತಿ.

ನಾಲ್ಕು ಬಾಗಿಲಿನ ಕಾರಿನಲ್ಲೂ ಅಷ್ಟೇ ಜಾಗ ಅಲ್ವಾ, ಅದರಲ್ಲಿ ಹೇಗೆ ಇಳಿಯುತ್ತೇವೆ ಅಂತ ನಾನೂ ಯೋಚಿಸಿದೆ. ಎರಡೂ ಕಾರುಗಳನ್ನು ಅಕ್ಕಪಕ್ಕ ನಿಲ್ಲಿಸಿ ನೋಡಿದ ಮೇಲೆ ಗೊತ್ತಾಯಿತು. ಬಾಗಿಲು ಉದ್ದ ಇದ್ದಷ್ಟೂ ಅದರ ತುದಿ ಬೇಗ ಪಕ್ಕದ ಗಾಡಿಗೆ ತಾಗುತ್ತದೆ, ಅಂದರೆ ಬಾಗಿಲು ತೆರೆಯುವ ಕೋನ ಕಡಿಮೆ. ಅದು ಅರ್ಧ ವಿಷಯ ಮಾತ್ರ. ನಾಲ್ಕು ಬಾಗಿಲಿನ ಕಾರಿನಲ್ಲಿ ನಿಮ್ಮ ಸೊಂಟ ಬಾಗಿಲಿನ ಹಿಂದಿನ ಅಂಚಿನ ಹತ್ತಿರವೇ ಇರುತ್ತದೆ. ಬಾಗಿಲು ಎಷ್ಟು ತೆರೆದಿದೆಯೋ ಅಷ್ಟೂ ಜಾಗ ನಿಮಗೆ ಸಿಗುತ್ತದೆ. ಕೂಪೆಯಲ್ಲಿ ನೀವು ಕೂತಿರುವುದು ಆ ಅಂಚಿಗಿಂತ ಮುಂದೆ, ಕೀಲಿನ ಕಡೆಗೆ. ಅಲ್ಲಿ ಸಂದು ಇನ್ನೂ ಕಿರಿದು. ಹಿಂದುಗಡೆ ಇರುವ ಅಗಲವಾದ ಸಂದು ನೋಡಲು ಮಾತ್ರ, ಅಲ್ಲಿಂದ ಇಳಿಯಲು ಆಗುವುದಿಲ್ಲ.

ಇದರ ಮೇಲೆ ಸೀಟು ನೆಲಕ್ಕೆ ಹತ್ತಿರ. ಎದ್ದು ನಿಲ್ಲುವುದಕ್ಕೂ ಜಾಗ ಬೇಕು. ನಾನು ಕಂಡುಕೊಂಡ ಕ್ರಮ ಹೀಗಿದೆ. ಎಂಜಿನ್ ನಿಲ್ಲಿಸಿದ ಮೇಲೆ ಸೀಟನ್ನು ಪೂರ್ತಿ ಹಿಂದಕ್ಕೆ ತಳ್ಳುತ್ತೇನೆ. ಹೊರಗಡೆಯ ಕಾಲನ್ನು ಮೊದಲು ಇಟ್ಟು, ಭುಜ ಹೊರಳಿಸಿ, ತಲೆ ಬಗ್ಗಿಸಿ, ಕೊನೆಗೆ ಒಳಗಿನ ಕಾಲು. ಅಷ್ಟೂ ಹೊತ್ತು ಒಂದು ಕೈ ಬಾಗಿಲಿನ ಅಂಚಿನ ಮೇಲೆ ಇರಲೇಬೇಕು, ಇಲ್ಲದಿದ್ದರೆ ಗಾಳಿಗೋ ಇಳಿಜಾರಿಗೋ ಅದು ಹೋಗಿ ಪಕ್ಕದ ಗಾಡಿಗೆ ಬಡಿಯುತ್ತದೆ. ಹತ್ತುವಾಗ ಮೊದಲು ಕೂರಬೇಕು, ಆಮೇಲೆ ಕಾಲು ಎಳೆದುಕೊಳ್ಳಬೇಕು. ಕೂತ ಮೇಲೆ ಬೆಲ್ಟ್. ಅದು ಭುಜದಿಂದ ಬಹಳ ಹಿಂದೆ ಇರುತ್ತದೆ. ಸೀಟಿನ ಭುಜದ ಬಳಿ ಬೆಲ್ಟ್ ಹಿಡಿದಿಡುವ ಪಟ್ಟಿ ಇದೆ, ಅದರೊಳಗೆ ತೂರಿಸಿಟ್ಟರೆ ಕೈಗೆ ಸಿಗುತ್ತದೆ. ಹಿಂದೆ ಯಾರಾದರೂ ಹತ್ತುವಾಗ ಅದನ್ನು ಬಿಚ್ಚಬೇಕು.

ಹಾಗಾಗಿ ಪಾರ್ಕಿಂಗ್ ಮಾಡುವ ಅಭ್ಯಾಸವೇ ಬದಲಾಗಿದೆ. ಸಾಲಿನ ಕೊನೆಯ ಜಾಗ ಹುಡುಕುತ್ತೇನೆ, ಅಂಗಡಿಯ ಬಾಗಿಲಿಗೆ ದೂರ ನಡೆಯಬೇಕಾದರೂ ಸರಿ. ಕಂಬದ ಪಕ್ಕ ಜಾಗ ಸಿಕ್ಕರೆ ಕಂಬ ಪಕ್ಕದ ಸೀಟಿನ ಕಡೆಗೆ ಬರುವಂತೆ ನಿಲ್ಲಿಸಿ, ಅದಕ್ಕೆ ಸಾಧ್ಯವಾದಷ್ಟು ಒತ್ತಿಕೊಳ್ಳುತ್ತೇನೆ. ಜೊತೆಗೆ ಯಾರಾದರೂ ಇದ್ದರೆ ಒಳಗೆ ನಿಲ್ಲಿಸುವ ಮೊದಲೇ ಇಳಿಸಿಬಿಡುತ್ತೇನೆ. ಬಾಗಿಲಿನ ಅಂಚಿಗೆ ಪಾರದರ್ಶಕ ರಬ್ಬರ್ ಪಟ್ಟಿ ಹಾಕಿಸಿದ್ದೇನೆ, ಅದು ಪಕ್ಕದವರ ಬಣ್ಣವನ್ನೂ ನನ್ನ ಬಣ್ಣವನ್ನೂ ಉಳಿಸುತ್ತದೆ. ಅಷ್ಟು ಮಾಡಿದರೂ ಅಂಗಡಿಯಿಂದ ಎರಡು ಕೈತುಂಬ ಸಾಮಾನು ತಂದಾಗ, ಮಳೆಯಲ್ಲಿ ಕೊಡೆ ಮಡಚಿಕೊಂಡು ಒಳಗೆ ಕೂರುವಾಗ ಈ ಬಾಗಿಲಿನ ಮೇಲೆ ಸಿಟ್ಟು ಬರುತ್ತದೆ.

ಇನ್ನೊಂದು ಸಣ್ಣ ವಿಷಯ. ಈ ಮೂರೂ ಕಾರುಗಳ ಕಿಟಕಿಗೆ ಸುತ್ತ ಚೌಕಟ್ಟಿಲ್ಲ. ನನ್ನ ಕಾರಿನಲ್ಲಿ ಹಿಡಿ ಎಳೆದಾಗ ಗಾಜು ಸ್ವಲ್ಪ ಕೆಳಗೆ ಇಳಿದು, ಬಾಗಿಲು ಮುಚ್ಚಿದ ಮೇಲೆ ಮೇಲೇರಿ ರಬ್ಬರಿನಲ್ಲಿ ಕೂರುತ್ತದೆ. ಹಿಮ ಬೀಳುವ ಕಡೆ ಗಾಜು ರಬ್ಬರಿಗೆ ಅಂಟಿಕೊಳ್ಳಬಹುದು. ಆಗ ಬಾಗಿಲನ್ನು ಜಗ್ಗಬಾರದು, ಕಾದು ತೆರೆಯಬೇಕು. ರಬ್ಬರಿಗೆ ಆಗಾಗ ಸಿಲಿಕೋನ್ ಹಚ್ಚಿದರೆ ಒಳ್ಳೆಯದು.

ಬಾಗಿಲಿನ ವಿಷಯದಲ್ಲಿ ಮೂರರಲ್ಲಿ ಗೆದ್ದಿದ್ದು ಮಜ್ದಾ. ಅದರ ಅಗಲ 1,735 ಮಿ.ಮೀ. ಹಿಂದಿನ ಸೀಟೇ ಇಲ್ಲದ್ದರಿಂದ ಬಾಗಿಲು ಉದ್ದ ಇರಬೇಕಾಗಿಲ್ಲ, ಚಾಲಕ ಅದರ ಹಿಂದಿನ ಅಂಚಿಗೇ ಕೂತಿರುತ್ತಾನೆ. ನನ್ನ ಗೆಳೆಯ ಯಾವ ಸಂದಿಯಲ್ಲಿ ನಿಲ್ಲಿಸಿದರೂ ಇಳಿದು ಬರುತ್ತಾನೆ. ಎಂ240ಐ 1,838 ಮಿ.ಮೀ. ಅಗಲ, ಬಾಗಿಲೂ ದೊಡ್ಡದು. ಆದರೆ ಸೀಟು ಎತ್ತರ ಇರುವುದರಿಂದ ಮಂಡಿಗೆ ಕಷ್ಟ ಕಡಿಮೆ. ಮೂರನೇ ಸ್ಥಾನ ಯಾರಿಗೆ ಅಂತ ಹೇಳುವುದು ಕಷ್ಟ. ಕಿರಿದಾದ ಜಾಗದಲ್ಲಿ ಬಿಎಂಡಬ್ಲ್ಯು, ವಿಶಾಲ ಜಾಗದಲ್ಲಿ ನನ್ನದು.

ಹಿಂದಿನ ಸೀಟಿನಲ್ಲಿ ದೊಡ್ಡವರು ಕೂರಬಹುದಾದದ್ದು ಎಂ240ಐನಲ್ಲಿ ಮಾತ್ರ, ಅದೂ ಸಣ್ಣ ದೂರಕ್ಕೆ. ಜಿಆರ್86ನ ಹಿಂದಿನ ಸೀಟು ಬ್ಯಾಗಿಗೆ. ಆದರೆ ಆ ಸೀಟಿನ ಬೆನ್ನನ್ನು ಮಡಚಿದರೆ ಡಿಕ್ಕಿಯ ಜೊತೆ ಸೇರಿ ನಾಲ್ಕು ಚಕ್ರಗಳು ಹಿಡಿಸುವಷ್ಟು ಜಾಗ ಆಗುತ್ತದೆ. ಟ್ರ್ಯಾಕಿಗೆ ಬೇರೆ ಟೈರ್ ಒಯ್ಯುವವರಿಗಾಗಿಯೇ ಮಾಡಿದ್ದು ಇದು. ನಾನು ಮಡಚುವ ಮೇಜು, ಏಣಿ, ಉದ್ದದ ಪೆಟ್ಟಿಗೆ ಎಲ್ಲ ಸಾಗಿಸಿದ್ದೇನೆ. ಆರ್‌ಎಫ್ ನನ್ನ ಕೈ ತಪ್ಪಿದ್ದು ಇಲ್ಲೇ. ಅದರ ಡಿಕ್ಕಿ 127 ಲೀಟರ್, ಸೀಟಿನ ಹಿಂದೆ ಬೇರೆ ಜಾಗವಿಲ್ಲ. ಇಬ್ಬರು ಎರಡು ದಿನಕ್ಕೆ ಹೊರಟರೆ ಮೆತ್ತನೆಯ ಚೀಲಗಳೇ ಆಗಬೇಕು. ಚಾವಣಿ 13 ಸೆಕೆಂಡಿನಲ್ಲಿ ತಾನೇ ಮಡಚಿಕೊಳ್ಳುವುದನ್ನು ನೋಡಿದರೆ ಯಾರಿಗಾದರೂ ಆಸೆಯಾಗುತ್ತದೆ, ನನಗೂ ಆಯಿತು. ತೆರೆದು ಓಡಿಸುವ ಸಂಜೆಗಳಿಗೆ ಅದಕ್ಕೆ ಸಾಟಿಯಿಲ್ಲ. ನಾನು ಆಗಾಗ ಸಾಮಾನು ಸಾಗಿಸುವವನು, ಅಷ್ಟೇ.

ಹೆದ್ದಾರಿಯಲ್ಲಿ ದೂರ ಹೋಗಲು ಎಂ240ಐ ಅತ್ಯಂತ ಆರಾಮ. ಜಿಆರ್86ನಲ್ಲಿ ಟೈರಿನ ಸದ್ದು ಒಳಗೆ ಬರುತ್ತದೆ, ಒರಟು ಡಾಂಬರಿನ ಮೇಲೆ ಮಾತಾಡಲು ದನಿ ಏರಿಸಬೇಕು. ಪರದೆ, ಫೋನ್ ಜೋಡಣೆ ಮೂರರಲ್ಲೂ ಕೆಲಸ ಮಾಡುತ್ತವೆ. ಎಸಿಗೆ ತಿರುಗುಬಟನ್ ಇರುವುದು ಜಿಆರ್86 ಮತ್ತು ಮಜ್ದಾದಲ್ಲಿ, ನನಗೆ ಅದು ಬೇಕು.

ಖರ್ಚಿನ ಮಾತು. ಕೊಳ್ಳುವ ಬೆಲೆಯಲ್ಲಿ ಎಂ240ಐ ಬೇರೆಯದೇ ಮೆಟ್ಟಿಲಿನಲ್ಲಿದೆ, ಮಿಕ್ಕೆರಡು ಹತ್ತಿರ ಹತ್ತಿರ. ಆಮೇಲಿನ ಖರ್ಚು ಕಾಣುವುದು ಟೈರಿನಲ್ಲಿ. ಬಿಎಂಡಬ್ಲ್ಯುನ ಹಿಂದಿನ ಟೈರ್ ಮುಂದಿನದಕ್ಕಿಂತ ಅಗಲ. ಮುಂದಿನದನ್ನು ಹಿಂದೆ, ಹಿಂದಿನದನ್ನು ಮುಂದೆ ಹಾಕಿ ಸವೆತ ಸಮ ಮಾಡಲು ಬರುವುದಿಲ್ಲ. ಅಷ್ಟು ತೂಕ, ಅಷ್ಟು ಟಾರ್ಕ್ ಬೇರೆ. ನನ್ನ ಕಾರಿಗೆ ನಾಲ್ಕೂ ಒಂದೇ ಅಳತೆ, 215/40 ಆರ್18. ಅದಲು ಬದಲು ಮಾಡುತ್ತಾ ಹೋದರೆ ನಾಲ್ಕೂ ಒಟ್ಟಿಗೆ ಸವೆಯುತ್ತವೆ. ಮಜ್ದಾಗೂ ಹಾಗೇ, ಇನ್ನೂ ಸಣ್ಣ ಅಳತೆ. ಪೆಟ್ರೋಲ್ ವಿಷಯದಲ್ಲಿ ಜಿಆರ್86 ಚೌಕಾಸಿ ಮಾಡುವುದಿಲ್ಲ. ಕಂಪ್ರೆಷನ್ (ಸಿಲಿಂಡರಿನೊಳಗೆ ಪೆಟ್ರೋಲ್-ಗಾಳಿಯನ್ನು ಅದುಮುವ ಪ್ರಮಾಣ) 12.5ಕ್ಕೆ 1 ಇರುವುದರಿಂದ ಹೆಚ್ಚಿನ ಆಕ್ಟೇನ್ ಇರುವುದನ್ನೇ ಹಾಕಿಸಬೇಕು. ಟ್ಯಾಂಕ್ 50 ಲೀಟರ್. ಕಾಲು ಜೋರಾಗಿದ್ದರೆ ಬಂಕಿಗೆ ಆಗಾಗ ಹೋಗಬೇಕು.

ನನ್ನ ಬದುಕು ಹೀಗಿದೆ: ಬಹುಪಾಲು ಒಬ್ಬನೇ ಓಡಿಸುತ್ತೇನೆ, ತಿರುವುಗಳ ರಸ್ತೆ ಸಿಕ್ಕರೆ ಬಳಸುದಾರಿಯಾದರೂ ಹೋಗುತ್ತೇನೆ, ಮನೆಯಲ್ಲಿ ಎಲ್ಲರೂ ಹೊರಟಾಗ ಬಳಸಲು ನಾಲ್ಕು ಬಾಗಿಲಿನ ಇನ್ನೊಂದು ಕಾರಿದೆ. ಇದಕ್ಕೆ ಜಿಆರ್86 ಹೇಳಿ ಮಾಡಿಸಿದಂತಿದೆ. ಮನೆಗೆ ಇದೊಂದೇ ಕಾರು ಆಗಬೇಕು, ದೂರದ ಪ್ರಯಾಣ ಜಾಸ್ತಿ, ದುಡ್ಡೂ ಇದೆ ಅನ್ನುವವರು ಎಂ240ಐ ತಗೊಳ್ಳಿ, ನಿಮಗೆ ಬೇಸರ ಆಗುವುದಿಲ್ಲ. ಸಾಮಾನಿನ ಚಿಂತೆ ಇಲ್ಲದವರು, ಆಕಾಶ ಕಾಣಬೇಕು ಅನ್ನುವವರು ಆರ್‌ಎಫ್ ಕಡೆ ಹೋಗಿ. ನನ್ನ ಗೆಳೆಯನನ್ನು ಕೇಳಿದರೆ ಈ ಕೊನೆಯ ಸಾಲನ್ನೇ ಮೊದಲು ಬರೆಯಬೇಕಿತ್ತು ಅನ್ನುತ್ತಾನೆ. ಯಾವುದನ್ನೇ ನೋಡಲು ಹೋದರೂ ಟೆಸ್ಟ್ ಡ್ರೈವ್ ಮುಗಿದ ಮೇಲೆ ಎರಡು ಕಾರುಗಳ ನಡುವೆ ನಿಲ್ಲಿಸಿ ಒಮ್ಮೆ ಇಳಿದು ಹತ್ತಿ ನೋಡಿ.

ಈಗಿರುವ ಟೈರ್ ಸವೆದ ಮೇಲೆ 17 ಇಂಚಿನ ಚಕ್ರಕ್ಕೆ ಇಳಿಯುವ ಯೋಚನೆ ಇದೆ. ಅದೂ ಈ ಕಾರಿಗೆ ಕಂಪನಿಯೇ ಕೊಡುವ ಅಳತೆ. ಟೈರಿನ ಪಕ್ಕ ದಪ್ಪವಾದರೆ ಗುಂಡಿಗಳ ಏಟು ಕಡಿಮೆಯಾಗುತ್ತದೆ. ಹಿಡಿತ ಒಂದಿಷ್ಟು ಕಡಿಮೆ ಇರುವ ಟೈರ್ ಹಾಕಿದರೆ ಹಿಂಬದಿಯ ಆಟ ಇನ್ನೂ ನಿಧಾನ ವೇಗದಲ್ಲೇ ಸಿಗುತ್ತದೆ.